ಬಿಸಿಲಲ್ಲಿ ಮರದ ತುದಿಯ ಎಲೆ ಗಾಳಿಗಿಂತ ತಣ್ಣಗಿರುತ್ತಾ?

ಓದುಗರ ಪ್ರಶ್ನೆ: ಕಾಡಿನೊಳಗೆ ಕಾಲಿಟ್ಟರೆ ಅಷ್ಟು ತಂಪು. ಮೇಲಿನ ಎಲೆಗಳು ನೀರನ್ನು ಆವಿ ಮಾಡಿ ಗಾಳಿಗಿಂತ ತಣ್ಣಗಿರುವುದರಿಂದಲೇ ಹೀಗೆ ಅಲ್ವಾ?

ಅಲ್ಲ, ಬಹುಪಾಲು ಉಲ್ಟಾ. ಬಿಸಿಲನ್ನೆಲ್ಲ ತುದಿಯ ಎಲೆಗಳು ಮೈಮೇಲೆ ಎಳೆದುಕೊಳ್ಳುವುದರಿಂದ ಕೆಳಗೆ ನಿಂತ ನಮಗೆ ತಂಪು. ಹಗಲಲ್ಲಿ ನೇರ ಬಿಸಿಲು ಬೀಳುವ ಎಲೆ ಸಾಮಾನ್ಯವಾಗಿ ಗಾಳಿಗಿಂತ ಬಿಸಿಯಾಗೇ ಇರುತ್ತದೆ. ಗಾಳಿ ಆಡದ ಮಧ್ಯಾಹ್ನ ಈ ಅಂತರ ಕೆಲವು ಡಿಗ್ರಿ ಆಗುವುದೂ ಉಂಟು.

ಹಾಗಂತ ಎಲೆ ಸುಮ್ನೆ ಕೂತಿರುವುದಿಲ್ಲ. ಹೆಚ್ಚಾಗಿ ಅಡಿಭಾಗದಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದನ್ನು ಎಲೆಯಿಂದಲೇ ಹೀರಿಕೊಳ್ಳುತ್ತದೆ. ತೊಡಕಿರುವುದು ಇಲ್ಲೇ. ಬಿಸಿಲೇರಿ ಗಾಳಿ ಒಣಗಿದಾಗ, ಅಂದರೆ ತಂಪು ಬೇಕೇ ಬೇಕು ಅನ್ನುವ ಹೊತ್ತಿಗೆ ಸರಿಯಾಗಿ, ಮರ ನೀರು ಉಳಿಸಿಕೊಳ್ಳಲು ಆ ರಂಧ್ರಗಳನ್ನು ಕಿರಿದು ಮಾಡಿಬಿಡುತ್ತದೆ. ಆಮೇಲೆ ಬೀಸುವ ಗಾಳಿಯೇ ಗತಿ.

ಆಗ ಎಲೆಯ ಅಗಲ ಲೆಕ್ಕಕ್ಕೆ ಬರುತ್ತದೆ. ಎಲೆಯ ಮೇಲೆ ಅಲುಗಾಡದ ಗಾಳಿಯ ತೆಳು ಪದರ ಅಂಟಿಕೊಂಡಿರುತ್ತದೆ, ಎಲೆ ಅಗಲವಾದಷ್ಟೂ ಅದು ದಪ್ಪ. ಹುಣಸೆಯ ಪುಟ್ಟ ಎಲೆಗಳಿಂದ ಶಾಖ ಬೇಗ ಗಾಳಿಗೆ ಸೇರಿಹೋಗುತ್ತದೆ, ತೇಗದ ಮೊರದಗಲದ ಎಲೆಯಲ್ಲಿ ಉಳಿದುಕೊಳ್ಳುತ್ತದೆ. ಬಂಡೀಪುರದ ತೇಗ ಬೇಸಿಗೆಯಲ್ಲಿ ಎಲೆ ಉದುರಿಸುವುದು ಮುಖ್ಯವಾಗಿ ನೀರಿನ ಕೊರತೆಗೆ, ಆದರೂ ಕಾಯಲು ಎಲೆಯೇ ಇಲ್ಲದ ಮೇಲೆ ಈ ತಲೆನೋವೂ ಇಲ್ಲ ಬಿಡಿ.

ರಾತ್ರಿ ಮಾತ್ರ ನಿಮ್ಮ ಮಾತು ನಿಜ. ಮೋಡವಿಲ್ಲದಿದ್ದರೆ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಇಬ್ಬನಿ ಕೂರುವುದು ಅದಕ್ಕೇ.

ವಿಜ್ಞಾನಿಗಳಲ್ಲೂ ನಿಮ್ಮಂತೆ ಅಂದುಕೊಂಡವರಿದ್ದರು. 39 ಜಾತಿಯ ಮರಗಳನ್ನು ನೋಡಿದ 2008ರ ಅಧ್ಯಯನವೊಂದು, ಊರು ಬಿಸಿಯಿರಲಿ ಚಳಿಯಿರಲಿ ಎಲೆ ಆಹಾರ ತಯಾರಿಸುವ ಹೊತ್ತಿನ ಉಷ್ಣತೆ ಸುಮಾರು 21.4 ಡಿಗ್ರಿ ಅಂದಿತು. ಅಂದರೆ ಬಿಸಿ ಊರಲ್ಲಿ ಎಲೆ ಗಾಳಿಗಿಂತ ತಣ್ಣಗಿರುತ್ತದೆ ಅಂತಾಯಿತು. ಆದರೆ ಅದು ಮರದ ನಾರಿನ ವಸ್ತುವಾದ ಸೆಲ್ಯುಲೋಸ್‌ನಲ್ಲಿರುವ ಆಮ್ಲಜನಕ ನೋಡಿ ಹಿಂದಕ್ಕೆ ಹಾಕಿದ ಲೆಕ್ಕ. 2022ರಲ್ಲಿ ಉತ್ತರ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಶಾಖ ಅಳೆಯುವ ಕ್ಯಾಮೆರಾದಿಂದ ನೇರವಾಗಿ ನೋಡಿದಾಗ, ಹಗಲಿನ ಬಹುಪಾಲು ಹೊತ್ತು ಎಲೆಗಳು ಗಾಳಿಗಿಂತ ಬಿಸಿಯಾಗಿದ್ದವು. ನನಗಂತೂ ಕ್ಯಾಮೆರಾ ಹೇಳಿದ್ದರ ಮೇಲೇ ನಂಬಿಕೆ ಜಾಸ್ತಿ.

ಬಿಸಿಗೂ ಒಂದು ಮಿತಿ ಇದೆ. ಉಷ್ಣವಲಯದ ಮರಗಳಲ್ಲಿ ಸರಾಸರಿ 46.7 ಡಿಗ್ರಿ ಸುಮಾರಿಗೆ ಎಲೆಯ ಆಹಾರ ತಯಾರಿಸುವ ವ್ಯವಸ್ಥೆ ಕೆಡಲು ಶುರುವಾಗುತ್ತದೆ. 2023ರ ಒಂದು ಅಂದಾಜಿನಂತೆ ಈ ಗೆರೆ ದಾಟುವುದು ಈಗ ಹತ್ತು ಸಾವಿರಕ್ಕೆ ಒಂದು ಎಲೆ ಅಷ್ಟೇ.