ಲ್ಯಾಬನ್ನು ಬೈಯುವ ಮೊದಲು ನೆಗೆಟಿವ್ ನೋಡಿ

ಫಿಲ್ಮ್ ರೀಲಿನ ಚಿತ್ರಗಳು ಮಂಕಾಗಿ ಬಂದರೆ ಎಲ್ಲರೂ ಮೊದಲು ಬೈಯುವುದು ಲ್ಯಾಬನ್ನು. ಸುಮ್ನೆ ಯಾಕೆ ಊಹೆ? ನೆಗೆಟಿವ್, ಅಂದರೆ ಲ್ಯಾಬಿನಲ್ಲಿ ಡೆವಲಪ್ ಆಗಿ ಬಂದ ಫಿಲ್ಮಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿನ ಕಂಪನಿ ಹೆಸರು, ಫ್ರೇಮ್ ಸಂಖ್ಯೆಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವೇ ಇಲ್ಲ. ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಡೆವಲಪ್ ಸರಿಯಾಗಿದೆ, ಬೆಳಕು ಬಿದ್ದದ್ದೇ ಕಡಿಮೆ. ಹೊಸ ಫಿಲ್ಮಿನಲ್ಲಿ ಅಕ್ಷರವೂ ಮಸುಕಾಗಿದ್ದರೆ ಆಗ ಲ್ಯಾಬನ್ನು ಕೇಳಿ.

ಬೆಳಕು ಕಡಿಮೆಯಾಗಲು ಬ್ಯಾಟರಿಯೂ ಕಾರಣವಾಗಬಹುದು. 1960ರ ದಶಕದ ಅನೇಕ ಕ್ಯಾಮೆರಾಗಳ ಬೆಳಕು ಅಳೆಯುವ ಮೀಟರನ್ನು 1.35 ವೋಲ್ಟಿನ ಪಾದರಸದ ಸೆಲ್‌ಗೆ ಹೊಂದಿಸಿದ್ದರು. ಈಗಿನ 1.5 ವೋಲ್ಟಿನ ಸೆಲ್ ಹಾಕಿದರೆ ಅವುಗಳಲ್ಲಿ ಹಲವು ಇರುವುದಕ್ಕಿಂತ ಜಾಸ್ತಿ ಬೆಳಕು ತೋರಿಸುತ್ತವೆ. ಅದನ್ನು ನಂಬಿದರೆ ಫಿಲ್ಮಿಗೆ ಬೇಕಾದ್ದಕ್ಕಿಂತ ಕಡಿಮೆ ಬೆಳಕು ಬೀಳುತ್ತದೆ. ಇನ್ನು 1/1000 ಸೆಕೆಂಡಿನಲ್ಲಿ ತೆಗೆದ ಚಿತ್ರದ ಒಂದು ಪಕ್ಕ ಮಾತ್ರ ಕಪ್ಪಾಗಿ, ನಿಧಾನ ವೇಗದಲ್ಲಿ ತೆಗೆದವು ಚೆನ್ನಾಗಿದ್ದರೆ ಅನುಮಾನ ಫಿಲ್ಮಿನ ಮುಂದೆ ಒಂದರ ಹಿಂದೊಂದು ಓಡುವ ಶಟರ್ ಪರದೆಗಳ ಮೇಲೆ. ಹಿಂದಿನ ಪರದೆ ಮುಂದಿನದರ ಹತ್ತಿರ ಬಂದಷ್ಟೂ ಬೆಳಕು ಬೀಳುವ ನಡುವಿನ ಸೀಳು ಕಿರಿದಾಗುತ್ತದೆ.

ನನಗೆ ಇದಕ್ಕಿಂತ ಖುಷಿ ಕೊಡುವುದು ಚಿತ್ರಗಳ ನಡುವಿನ ಅಂತರದ ಲೆಕ್ಕ. ಸಿನಿಮಾ ಫಿಲ್ಮಿನ ಒಂದು ಚಿತ್ರ 18×24 ಮಿ.ಮೀ., ಅದಕ್ಕೆ ಫಿಲ್ಮಿನ ಅಂಚಿನಲ್ಲಿ 4 ತೂತು. ಜರ್ಮನಿಯ ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್ ಅಂಥ ಎರಡು ಚಿತ್ರಗಳ ಜಾಗಕ್ಕೆ ಒಂದೇ ಚಿತ್ರ ಕೂರಿಸಿದರು. 1925ರಲ್ಲಿ ಮಾರುಕಟ್ಟೆಗೆ ಬಂದ ಅವರ ಲೈಕಾ ಕ್ಯಾಮೆರಾದ ಫ್ರೇಮ್ 24×36 ಮಿ.ಮೀ., ತೂತು 8. ಒಂದು ತೂತಿನಿಂದ ಇನ್ನೊಂದಕ್ಕೆ 4.75 ಮಿ.ಮೀ. ಎಂಟರಿಂದ ಗುಣಿಸಿದರೆ 38. ಚಿತ್ರಕ್ಕೆ 36 ಹೋದರೆ ಉಳಿಯುವ 2 ಮಿ.ಮೀ. ಖಾಲಿ ಪಟ್ಟಿ. ಎಷ್ಟು ಚೆಂದ, ಅಲ್ವಾ!

ಫಿಲ್ಮ್ ಸುತ್ತಿಕೊಳ್ಳುವ ಉರುಳೆಯೇ ಈ ಅಂತರ ಅಳೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಆಗದ ಮಾತು. ದಾರದುಂಡೆಯಂತೆ ಉರುಳೆ ಸುತ್ತಿದಷ್ಟೂ ದಪ್ಪವಾಗುತ್ತದೆ, ಒಂದು ಸುತ್ತಿಗೆ ಎಳೆಯುವ ಉದ್ದವೂ ಹೆಚ್ಚುತ್ತದೆ. ಹಾಗಾಗಿ ಅಳೆಯುವುದು ತೂತುಗಳಿಗೆ ಸಿಕ್ಕಿಕೊಂಡ ಹಲ್ಲಿನ ಚಕ್ರ. ಉರುಳೆ ಜಾರುತ್ತಾ, ಚಕ್ರ ಬಿಟ್ಟಷ್ಟನ್ನೇ ಸುತ್ತಿಕೊಳ್ಳುತ್ತದೆ.

ಇದು ತಿಳಿದರೆ ರೋಗ ಹಿಡಿಯುವುದು ಸುಲಭ. ರೀಲು ಮುಂದುವರಿದಂತೆ ಅಂತರ ಒಂದೇ ಸಮನೆ ಹಿಗ್ಗುತ್ತಿದ್ದರೆ ಚಕ್ರ ಹಿಡಿತ ಬಿಟ್ಟಿದೆ, ಉರುಳೆಯೇ ಎಳೆಯುತ್ತಿದೆ. ಫಿಲ್ಮನ್ನು ಹಿಂದಕ್ಕೆ ಸುತ್ತುವಾಗ ಒತ್ತುವ ತಳದ ರಿವೈಂಡ್ ಬಟನ್ ಒಳಗೇ ಸಿಕ್ಕಿಕೊಂಡಿದೆಯಾ ನೋಡಿ. ಅಲ್ಲೊಂದು ಇಲ್ಲೊಂದು ಚಿತ್ರ ಮಾತ್ರ ಒಂದರ ಮೇಲೊಂದು ಬಂದಿದ್ದರೆ ಹರಿದ ತೂತು ಹುಡುಕಿ. ತೂತು ಸರಿಯಿದ್ದರೆ ಫಿಲ್ಮನ್ನು ಮುಂದಕ್ಕೆ ಎಳೆಯುವ ಲಿವರ್ ಪೂರ್ತಿ ಎಳೆಯುವ ಮೊದಲೇ ಲಾಕ್ ಆಗುತ್ತಿರಬಹುದು. ಪರೀಕ್ಷಿಸಲು ಬೇಡವಾದ ಒಂದು ಫಿಲ್ಮ್ ಹಾಕಿ, ಹಿಂಬಾಗಿಲು ತೆರೆದೇ ಇಡಿ. ಪ್ರತಿ ಸಲ ಲಿವರ್ ಎಳೆದ ಮೇಲೆ ಚಿತ್ರ ಬೀಳುವ ಕಿಂಡಿಯ ಒಂದೇ ಅಂಚಿಗೆ ಪೆನ್ನಿನಲ್ಲಿ ಗೆರೆ ಹಾಕಿ. ಆಮೇಲೆ ಫಿಲ್ಮ್ ಹೊರತೆಗೆದು ಅಳೆಯಿರಿ. ಗೆರೆಯಿಂದ ಗೆರೆಗೆ 38 ಮಿ.ಮೀ. ಇರಬೇಕು.