ಚಂಡಮಾರುತಕ್ಕೆ ಮೊದಲು ಸೂರಿನ ಕೆಳಗೆ ಒಮ್ಮೆ ನೋಡಿ

ಬಿರುಗಾಳಿ ಹೋದ ಮರುದಿನ ಒಂದು ಮನೆ ನೋಡಲು ಕರೆದಿದ್ದರು. ಛಾವಣಿ ಅಂಗಳದಲ್ಲಿ ಮಗುಚಿ ಬಿದ್ದಿತ್ತು. ಆದರೆ ಒಂದೇ ಒಂದು ಶೀಟೂ ಕಳಚಿರಲಿಲ್ಲ. ಹಿಂದಿನ ವರ್ಷವಷ್ಟೇ ಹೊಸ ತಗಡಿನ ಶೀಟು ಹಾಕಿಸಿ, ಒತ್ತೊತ್ತಾಗಿ ಸ್ಕ್ರೂ ಹೊಡೆಸಿದ್ದರಂತೆ. ಶೀಟು, ಅದರ ಕೆಳಗಿನ ಅಡ್ಡ ಪಟ್ಟಿಯಾದ ರೀಪು, ರೀಪನ್ನು ಹೊತ್ತ ತೊಲೆ ಎಲ್ಲವೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡೇ ಹಾರಿದ್ದವು. ಏಣಿ ಹಾಕಿ ಗೋಡೆಯ ತಲೆ ನೋಡಿದೆ. ಒಂದೊಂದು ತೊಲೆ ಕೂತಿದ್ದ ಕಡೆ, ಗೋಡೆಯ ತಲೆಯ ಮೇಲೆ ಉದ್ದಕ್ಕೂ ಮಲಗಿಸಿದ ಮರದ ಅಡ್ಡಪಟ್ಟಿಯಲ್ಲಿ ಎರಡೆರಡು ಮೊಳೆಯ ತೂತು, ಅಷ್ಟೇ. ಮೊಳೆಗಳು ಬಾಗಿಯೂ ಇರಲಿಲ್ಲ. ನೆಟ್ಟಗೆ ಕಿತ್ತು ಬಂದಿದ್ದವು.

ಛಾವಣಿ ಕಟ್ಟುವಾಗ ಭಾರ ಕೆಳಗೆ ಬರುವುದನ್ನೇ ನಾವು ಯೋಚಿಸುತ್ತೇವೆ. ಜೋರು ಗಾಳಿ ಮಾಡುವ ಕೆಲಸ ಬೇರೆ. ಅದು ಛಾವಣಿಯ ಮೇಲೆ ಹಾದು ಹೋಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ ಛಾವಣಿಯನ್ನು ಮೇಲಕ್ಕೆ ಹೀರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 90 ಕಿಲೋಮೀಟರ್ ಗಾಳಿಗೆ ಚದರ ಮೀಟರಿಗೆ ಸುಮಾರು 39 ಕೆಜಿಯಷ್ಟು ಒತ್ತಡವಿದ್ದರೆ, 180 ಕಿಲೋಮೀಟರ್ ಗಾಳಿಗೆ ಅದು 156 ಕೆಜಿ ಮುಟ್ಟುತ್ತದೆ. ಮೂಲೆ ಮತ್ತು ಅಂಚುಗಳಲ್ಲಿ ಎಳೆತ ನಡುಭಾಗಕ್ಕಿಂತ ತುಂಬಾ ಜಾಸ್ತಿ. ತಗಡಿನ ಶೀಟಿನ ತೂಕವೋ ಚದರ ಮೀಟರಿಗೆ ಹೆಚ್ಚೆಂದರೆ 5 ಕೆಜಿ ಆಸುಪಾಸು. ಅಂದರೆ ಛಾವಣಿ ನಿಲ್ಲುವುದು ತೂಕದಿಂದಲ್ಲ, ಕಟ್ಟಿನಿಂದ.

ಅದಕ್ಕೇ ನಾನು ತಪಾಸಣೆಗೆ ಹೋದಾಗ ಮೊದಲು ಮೇಲೆ ಹತ್ತುವುದಿಲ್ಲ. ಸೂರಿನ ಕೆಳಗೆ ಟಾರ್ಚ್ ಹಿಡಿದು ನಿಲ್ಲುತ್ತೇನೆ. ಶೀಟು ರೀಪನ್ನು ಹಿಡಿದಿದೆಯೇ? ರೀಪು ತೊಲೆಯನ್ನು? ತೊಲೆ ಗೋಡೆಯ ಅಡ್ಡಪಟ್ಟಿಯನ್ನು? ಅಡ್ಡಪಟ್ಟಿ ಗೋಡೆಯನ್ನು? ಇದರಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಉಳಿದವು ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ. 1992ರಲ್ಲಿ ಅಮೆರಿಕದ ಫ್ಲೋರಿಡಾವನ್ನು ಅಪ್ಪಳಿಸಿದ ಆಂಡ್ರ್ಯೂ ಚಂಡಮಾರುತದ ನಂತರ ಹಾಳಾದ ಮನೆಗಳನ್ನು ಪರೀಕ್ಷಿಸಿದಾಗಲೂ ಇಂಥದ್ದೇ ಕಂಡಿತ್ತು. ಹಲವು ಕಡೆ ಛಾವಣಿಯ ಹಲಗೆಗೆ ಹೊಡೆದ ಮೊಳೆ ಕೆಳಗಿನ ಮರಕ್ಕೆ ತಾಗದೆ ಪಕ್ಕದಲ್ಲೇ ಹಾದುಹೋಗಿತ್ತು.

ತೊಲೆ ಮತ್ತು ಗೋಡೆ ಸೇರುವ ಜಾಗಕ್ಕೆ ಜಾಸ್ತಿ ಗಮನ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನುಣುಪು ಮೊಳೆ ಅಡ್ಡ ಎಳೆತವನ್ನು ತಡೆಯುತ್ತದೆ. ಮೇಲಕ್ಕೆ ಎಳೆದರೆ ಮರದಿಂದ ಜಾರಿಬಿಡುತ್ತದೆ. ತೊಲೆಯ ಮೇಲಿಂದ ಒಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಹಾಯಿಸಿ, ಎರಡೂ ಬದಿ ಕೆಳಗಿಳಿಸಿ, ಅಡ್ಡಪಟ್ಟಿಯ ಪಕ್ಕಕ್ಕೆ ಮೊಳೆ ಹೊಡೆಯಿರಿ. ಈಗ ಗಾಳಿ ಎತ್ತಿದರೆ ಎಳೆತ ಮೊಳೆಗೆ ಅಡ್ಡವಾಗಿ ಬೀಳುತ್ತದೆ. ಪ್ರತಿ ತೊಲೆಗೂ ಇದು ಬೇಕು, ಒಂದು ಬಿಟ್ಟು ಒಂದಕ್ಕಲ್ಲ. ಅಡ್ಡಪಟ್ಟಿಯನ್ನು ಗೋಡೆಯ ಕಾಂಕ್ರೀಟಿಗೆ ಆಂಕರ್ ಬೋಲ್ಟ್‌ನಿಂದ, ಅಂದರೆ ಕಾಂಕ್ರೀಟಿನೊಳಗೆ ಕಚ್ಚಿಕೊಳ್ಳುವ ಬೋಲ್ಟ್‌ನಿಂದ, ಹಿಡಿಸಿ.

ಆಮೇಲೆ ಮೇಲಿನ ಸ್ಕ್ರೂಗಳು. ಒಂದರ ರಬ್ಬರ್ ವಾಷರನ್ನು ಉಗುರಿನಿಂದ ಕೆರೆದು ನೋಡಿ. ಹಳೆಯದಾದರೆ ಪುಡಿಪುಡಿಯಾಗಿ ಉದುರುತ್ತದೆ. ಸುತ್ತಲಿನ ತೂತು ದುಂಡಗಿರದೆ ಕಣ್ಣಿನಂತೆ ಉದ್ದವಾಗಿದ್ದರೆ ಶೀಟು ಗಾಳಿಗೆ ಅಲುಗಾಡುತ್ತಾ ಬಂದಿದೆ ಎಂದರ್ಥ. ಅಂಥ ಕಡೆ ದಪ್ಪ ಸ್ಕ್ರೂ, ಅಗಲ ವಾಷರ್ ಹಾಕಿಸಿ. ಅಂಚು, ಮೂಲೆ, ನೆತ್ತಿಯಲ್ಲಿ ಸ್ಕ್ರೂಗಳು ನಡುಭಾಗಕ್ಕಿಂತ ಹತ್ತಿರ ಹತ್ತಿರ ಇರಲಿ. ಹೆಂಚಿನ ಮನೆಯಾದರೆ ಅಂಚಿನ ಮತ್ತು ನೆತ್ತಿಯ ಸಾಲುಗಳನ್ನಾದರೂ ತಂತಿ ಅಥವಾ ಕ್ಲಿಪ್‌ನಿಂದ ಕಟ್ಟಿಸಿ.

ಶೀಟಿನ ಮೇಲೆ ಕಲ್ಲು, ಇಟ್ಟಿಗೆ ಹೇರುವುದನ್ನು ದಯವಿಟ್ಟು ಬಿಡಿ. ಶೀಟು ಎದ್ದರೆ ಆ ಕಲ್ಲು ಯಾರ ತಲೆಯ ಮೇಲಾದರೂ ಬೀಳಬಹುದು. ಒತ್ತಡ ಸರಿಹೋಗಲಿ ಎಂದು ಕಿಟಕಿ ತೆರೆದಿಡುವುದೂ ತಪ್ಪು. ಒಳಗೆ ನುಗ್ಗಿದ ಗಾಳಿ ಕೆಳಗಿಂದ ತಳ್ಳುತ್ತದೆ, ಹೊರಗಿನದು ಮೇಲಿಂದ ಎಳೆಯುತ್ತದೆ. ಬಾಗಿಲು, ಕಿಟಕಿ, ಗ್ಯಾರೇಜಿನ ಶಟರ್ ಗಟ್ಟಿಯಾಗಿದ್ದರೆ ಛಾವಣಿಗೆ ಬೀಳುವ ಎಳೆತ ಎಷ್ಟೋ ಕಮ್ಮಿಯಾಗುತ್ತದೆ.

ಕಾಂಕ್ರೀಟ್ ತಾರಸಿ ಹಾರುವುದಿಲ್ಲ. ಅಲ್ಲಿ ನೀರಿನ ಚಿಂತೆ. ಒಂದು ಸೆಂಟಿಮೀಟರ್ ನೀರು ನಿಂತರೂ ಚದರ ಮೀಟರಿಗೆ 10 ಕೆಜಿ ಭಾರ. ಪೈಪಿನ ಬಾಯಲ್ಲಿ ಸಿಕ್ಕ ಎಲೆ ತೆಗೆಯಿರಿ. ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ತುಂಬಿಸಿಡಿ. ಖಾಲಿ ಟ್ಯಾಂಕನ್ನು ಗಾಳಿ ಉರುಳಿಸಿಬಿಡುತ್ತದೆ, 1000 ಲೀಟರ್ ನೀರು ತುಂಬಿದರೆ ಅದು ಒಂದು ಟನ್ ತೂಗುತ್ತದೆ. ಸೋಲಾರ್ ಪ್ಯಾನೆಲ್‌ಗಳ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿ ಮಾಡಿಸಿ.

ಈ ಕೆಲಸಗಳೆಲ್ಲ ಬಿಸಿಲಿರುವಾಗಲೇ ಮುಗಿಯಬೇಕು. ಎಚ್ಚರಿಕೆ ಬಂದ ಮೇಲೆ ಏಣಿ ಹತ್ತಬೇಡಿ. ಗಾಳಿ ಇದ್ದಕ್ಕಿದ್ದಂತೆ ನಿಂತು ಆಕಾಶ ತಿಳಿಯಾದಾಗಲಂತೂ ಹತ್ತಲೇಬೇಡಿ. ಅದು ಚಂಡಮಾರುತದ ಕಣ್ಣು, ಅಂದರೆ ಅದರ ಶಾಂತವಾದ ನಡುಭಾಗ, ನಿಮ್ಮ ಮನೆಯ ಮೇಲೆ ಹಾದುಹೋಗುವ ಹೊತ್ತಿರಬಹುದು. ಸ್ವಲ್ಪ ಹೊತ್ತಿನಲ್ಲೇ ಅಷ್ಟೇ ಜೋರಿನ ಗಾಳಿ ಎದುರು ದಿಕ್ಕಿನಿಂದ ಬರುತ್ತದೆ.