ಸುಟ್ಟ ಮನೆಗೆ ಮೊದಲು ಬಡಗಿ ಬೇಡ

ಕೊಡವರ ಪೂರ್ವಜರ ಮನೆಯಾದ ಐನ್‌ಮನೆಗೆ ಬೆಂಕಿ ಬಿದ್ದ ಮೇಲೆ ಒಕ್ಕದವರು, ಅಂದರೆ ಆ ಮನೆತನದವರು, ಫೋನ್ ಮಾಡಿ ಕೇಳುವುದು ಒಂದೇ ಮಾತು: "ಮಳೆಗೆ ಮುಂಚೆ ಮಾಡು (ಛಾವಣಿ) ಏರಿಸಬಹುದಾ?" ಅವರ ಆತಂಕ ಸುಮ್ನೆ ಅಲ್ಲ. ಜೂನ್ ಬಂತೆಂದರೆ ಕೊಡಗಿನ ಮಳೆ ಯಾರ ಮಾತೂ ಕೇಳುವುದಿಲ್ಲ. ಆದರೂ ಹಳೆ ಕಟ್ಟಡಗಳ ದುರಸ್ತಿಯಲ್ಲೇ ಇರುವ ನಾನು ಹೇಳುವುದು ಇಷ್ಟೇ: ಮೊದಲು ನಿಂತಿರುವುದನ್ನು ಉಳಿಸಿಕೊಳ್ಳಿ, ಕಟ್ಟುವ ಮಾತು ಆಮೇಲೆ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನೇ ನೋಡಿ. 2019ರ ಏಪ್ರಿಲ್ 15ರಂದು ಅದರ ಮಾಡು ಸುಟ್ಟು, ಗೋಪುರ ಕುಸಿಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಎಷ್ಟು ಬೇಗ ಕಟ್ಟಿದರು ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಮೊದಲ ಎರಡು ವರ್ಷಕ್ಕಿಂತ ಜಾಸ್ತಿ ಸಮಯ ಹೋಗಿದ್ದು ಉಳಿದದ್ದು ಬೀಳದಂತೆ ನೋಡಿಕೊಳ್ಳುವುದಕ್ಕೇ. ಗೋಪುರದ ರಿಪೇರಿಗೆಂದು ಮೊದಲೇ ಕಟ್ಟಿದ್ದ ಸಾರುವೆಯ ಸುಮಾರು 40,000 ಕಬ್ಬಿಣದ ಕೊಳವೆಗಳು ಶಾಖಕ್ಕೆ ಸೊಟ್ಟಗಾಗಿ, ಒಂದಕ್ಕೊಂದು ಬೆಸೆದುಕೊಂಡಿದ್ದವು. ಹಗ್ಗಕ್ಕೆ ಜೋತುಬಿದ್ದ ಕೆಲಸಗಾರರು ಅವನ್ನು ತುಂಡು ತುಂಡಾಗಿ ಕತ್ತರಿಸಿ ಇಳಿಸಿದರು. ಅದು ಮುಗಿದಿದ್ದು 2020ರ ನವೆಂಬರ್‌ನಲ್ಲಿ. ಕೆಳಗೆ ಬಿದ್ದ ಕಲ್ಲು, ಸುಟ್ಟ ಮರವನ್ನು ಗುಜರಿಗೆ ಹಾಕಲಿಲ್ಲ, ವಿಂಗಡಿಸಿ ಇಟ್ಟರು.

ನಮ್ಮಲ್ಲಿ ಮಾರನೇ ದಿನವೇ ಜೆಸಿಬಿ ಬರುತ್ತದೆ. ಹೊಟ್ಟೆ ಉರಿಯುತ್ತದೆ ನನಗೆ. ಕಪ್ಪಾದ ತೊಲೆ ಸತ್ತ ತೊಲೆ ಅಲ್ಲ. ದಪ್ಪನೆಯ ಗಟ್ಟಿ ಮರ ಸುಡುವುದು ಸಾಮಾನ್ಯವಾಗಿ ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹೊರಗಿನ ಇದ್ದಿಲೇ ಒಳಗಿನ ಮರವನ್ನು ಶಾಖದಿಂದ ಕಾಯುತ್ತದೆ. ಬಾಚಿಯಿಂದ ಇದ್ದಿಲು ಕೆರೆಯುತ್ತಾ ಹೋಗಿ. ಮೊದಲು ಪುಡಿ, ಆಮೇಲೆ ಕಂದು ಬಣ್ಣದ ತೆಳು ಪದರ, ಅದರ ಕೆಳಗೆ ಮರದ ನಿಜವಾದ ಬಣ್ಣ. ಅಲ್ಲಿ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಸದ್ದು ಬರಬೇಕು. ಉಳಿದ ದಪ್ಪ ಅಳೆದು, ಭಾರ ಹೊರುತ್ತದೋ ಇಲ್ಲವೋ ಎಂದು ಎಂಜಿನಿಯರ್ ಲೆಕ್ಕ ಹಾಕಲಿ. ಗೋಡೆಯೊಳಗೆ ಕೂತ ತುದಿಯನ್ನು ಮಾತ್ರ ಬಿಚ್ಚಿಯೇ ನೋಡಬೇಕು. ಇಂಥ ಬೀಟೆ ತೊಲೆ ಇವತ್ತು ಎಲ್ಲಿ ಸಿಗುತ್ತದೆ? ಸಿಕ್ಕರೂ ಅರಣ್ಯ ಇಲಾಖೆಯ ಅನುಮತಿಗೆ ಎಷ್ಟು ಓಡಾಡಬೇಕು, ಹೇಳಿ.

ಮಣ್ಣಿನ ಗೋಡೆಗೆ ಬೆಂಕಿಗಿಂತ ನೀರಿನ ಭಯ ಜಾಸ್ತಿ. ಫೈರ್ ಎಂಜಿನ್ ನೀರು ಕುಡಿದ ಗೋಡೆಗೆ ಟಾರ್ಪಾಲು ಸುತ್ತಿದರೆ ತೇವ ಒಳಗೇ ಉಳಿದು ಬುಡ ಕುಸಿಯುತ್ತದೆ. ಗೋಡೆಗೆ ತಾಗದಂತೆ ಬೇರೆ ಕಂಬ ನಿಲ್ಲಿಸಿ, ಅಗಲವಾಗಿ ತಗಡಿನ ಮಾಡು ಹಾಕಿ. ಪಕ್ಕದಲ್ಲಿ ಗಾಳಿ ಆಡಲಿ. ಆ ಮಳೆಗಾಲ ಹಾಗೇ ಕಳೆಯಲಿ. ಸಿಮೆಂಟ್ ಗಾರೆ ಅಂತೂ ಬೇಡವೇ ಬೇಡ.

ಇನ್ನು ಜನ. ನೋತ್ರ್ ದಾಮ್‌ಗೆ ಸುಮಾರು 250 ಕಂಪನಿ, ಕಾರ್ಯಾಗಾರಗಳು ದುಡಿದವು. ಅದಕ್ಕೆಂದೇ ಕಾನೂನು ಮಾಡಿ ಒಂದು ಸಂಸ್ಥೆ ಕಟ್ಟಿ, ಜನರಲ್ ಜಾನ್ ಲೂಯಿ ಜಾರ್ಜ್‌ಲಾಂ ಅವರ ಕೈಗೆ ಕೊಟ್ಟಿದ್ದರು. 2023ರಲ್ಲಿ ಅವರು ತೀರಿಕೊಂಡಾಗ ಫಿಲಿಪ್ ಜೋಸ್ತ್ ಜವಾಬ್ದಾರಿ ಹೊತ್ತರು. ಕೆಲಸ ನಿಲ್ಲಲಿಲ್ಲ. ಐನ್‌ಮನೆಗೆ ಪಾಲುದಾರರು ಬೆಂಗಳೂರಲ್ಲೂ ಇರುತ್ತಾರೆ, ದುಬೈಯಲ್ಲೂ ಇರುತ್ತಾರೆ. ಒಬ್ಬರಿಗೆ ಮಂಗಳೂರು ಹೆಂಚು ಬೇಕು, ಇನ್ನೊಬ್ಬರಿಗೆ ಶೀಟು ಸಾಕು. ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಕೂರಿಸಿಕೊಂಡು, ದುಡ್ಡಿಗೆ ಒಬ್ಬರು, ಕೆಲಸಕ್ಕೆ ಒಬ್ಬರು ಎಂದು ತೀರ್ಮಾನಿಸಿ ಬರೆದಿಡಿ. ಬಡಗಿಗೆ ಇಬ್ಬರು ಎರಡು ಥರ ಹೇಳಿದ ದಿನವೇ ಕೆಲಸ ಕೆಡುತ್ತದೆ.

ಪ್ಯಾರಿಸ್ಸಿನಲ್ಲಿ ಇನ್ನೊಂದು ಪುಣ್ಯ ಇತ್ತು. ಇಬ್ಬರು ವಾಸ್ತುಶಿಲ್ಪಿಗಳು 2014ರಲ್ಲೇ ಮಾಡಿನ ಮರಗಳನ್ನೆಲ್ಲ ಅಳೆದು ನಕ್ಷೆ ಬರೆದಿದ್ದರು. ಹಾಗಾಗಿ ಓಕ್ ಮರವನ್ನು ಕೊಡಲಿಯಲ್ಲೇ ಕೆತ್ತಿ, ಹಳೆಯ ಅಳತೆಗೇ ಕೂರಿಸಲು ಸಾಧ್ಯವಾಯಿತು. ನಿಮ್ಮ ನೆಲ್ಲಕ್ಕಿ ನಡುಬಾಡೆಯ (ಐನ್‌ಮನೆಯ ನಡುಮನೆಯ) ಕಂಬದ ಅಳತೆ, ಮುಚ್ಚಿಗೆಯ ಫೋಟೋ ಯಾರ ಹತ್ತಿರ ಇದೆ? ಮುಂದಿನ ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಹುಡುಗರ ಕೈಗೆ ಟೇಪು ಕೊಡಿ.

ಹೊಸ ಮಾಡು ಏರಿಸುವಾಗ ಅಟ್ಟದ ವೈರಿಂಗ್ ಪೈಪಿನೊಳಗೇ ಹೋಗಲಿ, ಎಲ್ಲಿ ಹೋಗುತ್ತದೆಂದು ನಕ್ಷೆಯಲ್ಲೂ ಇರಲಿ. ಪ್ಯಾರಿಸ್ಸಿನಲ್ಲಿ ಮಾಡಿನೊಳಗೆ ಬೆಂಕಿ ತಡೆಯುವ ಗೋಡೆ, ನೀರಿನ ಮಂಜು ಚಿಮ್ಮಿಸುವ ವ್ಯವಸ್ಥೆ ಹಾಕಿದ್ದಾರೆ. ನಮಗೆ ಅಷ್ಟೆಲ್ಲ ಆಗದಿದ್ದರೂ, ಅಂಗಳದಲ್ಲಿ ನೀರಿನ ಟ್ಯಾಂಕು, ಅಟ್ಟಕ್ಕೆ ಹೊರಗಿನಿಂದ ಒಂದು ಏಣಿ ಇರಲೇಬೇಕು. ಇವೆರಡು ಇಲ್ಲದ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.